ನೂರೆಂಬತ್ತು ಕೊಂಡಿಗಳು

ಈ ವಾರ್ಷಿಕದ ಸಂಪಾದಕರು "ತಾಳವಾಡಿ ಸೀಮೆಯಿಂದ ಏನಾದರೂ ಬರೆದು ಕಳಿಸಿ" ಎಂದಾಗ ಅವರ ಮನಸ್ಸಿನಲ್ಲಿ ಏನಿದ್ದಿರಬಹುದೆಂದು ಊಹಿಸುವುದು ಕಷ್ಟವಲ್ಲ. ನಮ್ಮ ಬೆಟ್ಟವೆಂದರೆ ಹೊರಗಿನವರಿಗೆ ಮೂರೇ ಸಂಗತಿ: ಗಾಜನೂರಿನಲ್ಲಿ ಹುಟ್ಟಿದ ರಾಜಕುಮಾರ್, ದಿಂಬಂ ಘಾಟಿಯ ೨೭ ತಿರುವುಗಳು, ರಾತ್ರಿ ಹೊಲಕ್ಕೆ ನುಗ್ಗುವ ಆನೆ. ಈ ಮೂರರ ಬಗ್ಗೆಯೂ ಬರೆಯಲು ಬೇಕಾದಷ್ಟು ಜನರಿದ್ದಾರೆ. ನಾನು ಬರೆಯಹೊರಟಿರುವುದು ಗೇಣುದ್ದದ ಒಂದು ಆಟಿಕೆ ಟ್ಯಾಂಕಿಗೆ ಕಬ್ಬಿಣದಂಥ ಚೈನು ತೊಡಿಸಿದ ಕತೆ. ಓದುಗರು ನಗಬಾರದು. ನಕ್ಕರೂ ಕೊನೆಯವರೆಗೆ ಓದಬೇಕು.

ಮೊದಲು ನನ್ನ ಅಣ್ಣನ ಪರಿಚಯವಾಗಬೇಕು. ೧೯೫೬ರ ನವೆಂಬರ್ ೧ರಂದು ನಿಮ್ಮ ಕಾಸರಗೋಡು ಕೇರಳಕ್ಕೆ ಸೇರಿದ ದಿನವೇ, ನಮ್ಮ ನೆರೆಯ ಕೊಳ್ಳೇಗಾಲ ಕೊಯಮತ್ತೂರು ಜಿಲ್ಲೆಯನ್ನು ಬಿಟ್ಟು ಮೈಸೂರಿಗೆ ಹೋಯಿತು. ತಾಳವಾಡಿ ಮಾತ್ರ ಮದ್ರಾಸಿನಲ್ಲೇ ಉಳಿಯಿತು. ಆಗ ಅಣ್ಣನಿಗೆ ಐದು ವರ್ಷ, ನನಗೆ ಎರಡು. ಮನೆಯಲ್ಲಿ ಕನ್ನಡ, ಕಚೇರಿಯಲ್ಲಿ ತಮಿಳು ಎಂದು ಬೆಳೆದವರು ನಾವು. ನಾನು ಕನ್ನಡ ಮೇಷ್ಟ್ರಾದೆ. ಅಣ್ಣ ೧೯೭೦ರಲ್ಲಿ ಸೈನ್ಯಕ್ಕೆ ಸೇರಿ ಹಿಂದಿಯನ್ನೂ ಕಲಿತು ಟ್ಯಾಂಕಿನ ಡ್ರೈವರ್ ಆದ. ಅವನು ನಡೆಸಿದ್ದು ರಷ್ಯದ ಟಿ-೫೫. ಅಂಥ ಟ್ಯಾಂಕುಗಳು ನಮ್ಮ ದೇಶಕ್ಕೆ ೧೯೬೦ರ ದಶಕದಲ್ಲಿ ಬಂದವು; ೧೯೭೧ರ ಯುದ್ಧದಲ್ಲೂ ಹೋರಾಡಿದವು. ಮೂವತ್ತಾರು ಟನ್ ತೂಕ, ನಾಲ್ಕು ಜನರ ತಂಡ. ಅಣ್ಣ ೧೯೮೬ರಲ್ಲಿ ಊರಿಗೆ ಮರಳಿದ. ಆಲೂಗೆಡ್ಡೆ, ಎಲೆಕೋಸು ಬೆಳೆದ. ಟ್ಯಾಂಕಿನ ಮಾತನ್ನು ಮಾತ್ರ ಯಾರು ಕೇಳಿದರೂ ಆಡಲಿಲ್ಲ.

೨೦೨೨ರಲ್ಲಿ ಅವನಿಗೆ ಪಾರ್ಶ್ವವಾಯು ಬಡಿಯಿತು. ಮಾತು ಬೇಗ ಮರಳಿತು, ಬಲಗೈ ಮರಳಲಿಲ್ಲ. ಬೆರಳಿಗೆ ಕೆಲಸ ಕೊಡಿ, ತಟ್ಟೆಯಲ್ಲಿ ಕಾಳು ಹಾಕಿ ಒಂದೊಂದಾಗಿ ಹೆಕ್ಕಿಸಿ ಎಂದರು ವೈದ್ಯರು. ಅತ್ತಿಗೆ ತಟ್ಟೆಯಲ್ಲಿ ಅವರೆಕಾಳು ತಂದಿಟ್ಟರೆ ಅಣ್ಣ ಎಡಗೈಯಿಂದ ಅದನ್ನು ದೂರ ತಳ್ಳಿದ. "ನಾನೇನು ಕೋಳಿಯೇನ್ಲಾ, ಕಾಳು ಹೆಕ್ಕಕೆ?" ಎಂದು ನನ್ನನ್ನು ಗದರಿದ.

ಆ ಬೇಸಿಗೆ ರಜೆಗೆ ಬೆಂಗಳೂರಿನಿಂದ ಅವನ ಮೊಮ್ಮಗ ಬಂದ. ಹದಿನಾಲ್ಕರ ಹುಡುಗ. ತಾತನನ್ನು ಸಂತೋಷಪಡಿಸಲೆಂದು ಜಪಾನಿನ ತಮಿಯಾ ಕಂಪನಿಯ ಟಿ-೫೫ರ ಕಿಟ್ಟನ್ನು ಅಂಟಿಸಿ, ಬಣ್ಣ ಬಳಿದು ತಂದಿದ್ದ. ನಿಜವಾದ ಟ್ಯಾಂಕಿನ ೩೫ರಲ್ಲಿ ಒಂದು ಪಾಲು ಅಳತೆ. ಅಣ್ಣ ಅದನ್ನು ಮಡಿಲಲ್ಲಿಟ್ಟುಕೊಂಡು ಬಹಳ ಹೊತ್ತು ತಿರುಗಿಸಿ ನೋಡಿದ. ಆಮೇಲೆ, "ಎಲ್ಲ ಸರಿ ಅದೆ. ಚೈನು ಸುಳ್ಳು," ಎಂದ.

ಹುಡುಗನ ಮುಖ ಸಣ್ಣದಾಯಿತು. ಅಣ್ಣ ಎಡಗೈ ಬೆರಳಲ್ಲಿ ತೋರಿಸಿದ. "ಈ ಟ್ಯಾಂಕಿಗೆ ಮ್ಯಾಲೆ ಉರುಳೆ ಇಲ್ಲ ಕನಾ. ಚೈನು ಗಾಲಿ ಬೆನ್ನ ಮ್ಯಾಲೇ ಮನಗಬೇಕು. ಇದು ಬಟ್ಟೆ ಒಣಗಾಕೋ ಹಗ್ಗದಂಗೆ ಬಿಗಿದದೆ."

ಅವನು ಹೇಳಿದ್ದು ನಿಜವೇ. ಟಿ-೫೫ಕ್ಕೆ ಒಂದೊಂದು ಬದಿಗೆ ಐದು ದೊಡ್ಡ ಗಾಲಿಗಳು. ಹಿಂದಿನ ಹಲ್ಲುಚಕ್ರ ಎಳೆದ ಚೈನು ಮುಂದಕ್ಕೆ ಹೋಗುವಾಗ ತನ್ನ ಭಾರಕ್ಕೆ ತಾನೇ ಜೋತು ಗಾಲಿಗಳ ಮೇಲೆ ಒರಗುತ್ತದೆ. ಒಂದನೆಯ ಮತ್ತು ಎರಡನೆಯ ಗಾಲಿಯ ನಡುವೆ ಅಂತರ ಹೆಚ್ಚು. ಅಲ್ಲಿ ಜೋಲೂ ಹೆಚ್ಚು. ಕಿಟ್ಟಿನಲ್ಲಿ ಬಂದದ್ದು ರಬ್ಬರಿನಂಥ ಪಟ್ಟಿ. ಅದಕ್ಕೆ ತೂಕವಿಲ್ಲ, ಆದ್ದರಿಂದ ಜೋಲುವುದಿಲ್ಲ.

ಹುಡುಗ ಬಿಡಲಿಲ್ಲ. ಇಂಥ ಮಾದರಿಗಳಿಗೆಂದೇ ಲೋಹದ ಚೈನು ಬೇರೆಯಾಗಿ ಸಿಗುತ್ತದಂತೆ. ಹೆಚ್ಚುಕಡಿಮೆ ಕಿಟ್ಟಿನಷ್ಟೇ ಬೆಲೆ. ವಿದೇಶದಿಂದ ಬೆಂಗಳೂರಿಗೆ ಬಂದ ಪೊಟ್ಟಣ ಚಾಮರಾಜನಗರದವರೆಗೆ ಕೊರಿಯರಿನಲ್ಲಿ, ಅಲ್ಲಿಂದ ಬಸ್ಸಿನಲ್ಲಿ ನಮ್ಮನ್ನು ತಲುಪಿತು. ಬಿಚ್ಚಿದರೆ ಚೈನಿರಲಿಲ್ಲ. ಸೀಸದ ಬಣ್ಣದ ಬಿಡಿ ಕೊಂಡಿಗಳ ರಾಶಿ, ಒಂದು ಸುರುಳಿ ತಂತಿ. ನಿಜವಾದ ಟ್ಯಾಂಕಿನಲ್ಲಿ ೫೮೦ ಮಿಲಿಮೀಟರ್ ಅಗಲದ ಕೊಂಡಿ ಇಲ್ಲಿ ಹದಿನಾರೂವರೆ ಮಿಲಿಮೀಟರ್. ಬದಿಗೆ ೯೦ರಂತೆ ೧೮೦ ಕೊಂಡಿಗಳನ್ನು ನಾವೇ ಪೋಣಿಸಬೇಕು. ಹುಡುಗನ ರಜೆ ಮುಗಿದಿತ್ತು. ಉಳಿದವರು ಎಪ್ಪತ್ತರ ಆಸುಪಾಸಿನ ಇಬ್ಬರು.

ಕೆಲಸದ ಕ್ರಮ ಇಷ್ಟು. ಎರಕದಲ್ಲಿ ಉಳಿದ ಮುಳ್ಳನ್ನು ಸಣ್ಣ ಅರದಿಂದ ಉಜ್ಜಬೇಕು. ಅಂಚಿನ ತೂತು ಮುಚ್ಚಿದ್ದರೆ ಬೆರಳಲ್ಲೇ ತಿರುಗಿಸುವ ಕೂದಲಿನಷ್ಟು ಸಣ್ಣ ಬೈರಿಗೆಯಿಂದ ಬಿಡಿಸಬೇಕು. ಎರಡು ಕೊಂಡಿಗಳ ಹಲ್ಲುಗಳನ್ನು ಹೆಣೆದು, ತಂತಿ ತೂರಿಸಿ, ಕತ್ತರಿಸಿ, ಹೊರತುದಿಗೆ ಮಾತ್ರ ಸೂಜಿಮೊನೆಯಷ್ಟು ಅಂಟು ಮುಟ್ಟಿಸಬೇಕು. ಅಂಟು ಒಳಗೆ ಹರಿದರೆ ಕೀಲು ಸೆಟೆದುಕೊಂಡು ಚೈನು ಕೋಲಾಗುತ್ತದೆ. ಮೊದಲ ದಿನ ನಾನು ಧಾರಾಳವಾಗಿ ಫೆವಿಕ್ವಿಕ್ ಸುರಿದು ಮೂರು ಕೊಂಡಿ ಕೆಡಿಸಿದೆ. ಎರಡು ಬೈರಿಗೆ ಮುರಿದೆ. "ಮೇಷ್ಟ್ರು ಕೆಲಸ ಎಲ್ಲ ಹಿಂಗೇಯ," ಎಂದ ಅಣ್ಣ. ನನ್ನ ಕೈಯಿಂದ ತಂತಿ ಕಸಿದುಕೊಂಡು ತಾನೇ ತೂರಿಸಲು ಹೊರಟ. ಬಲಗೈ ನಡುಗಿತು, ತಂತಿ ಜಾರಿತು. ಮತ್ತೆ ಹಿಡಿದ. ಅವರೆಕಾಳನ್ನು ಮುಟ್ಟದವನು ಅಂದು ಸಂಜೆಯೊಳಗೆ ನಾಲ್ಕು ಕೊಂಡಿ ಪೋಣಿಸಿದ.

ಹೀಗೆ ದಿನಕ್ಕೆ ನಾಲ್ಕು, ಆರು, ಎಂಟು. ಜಗಲಿಯ ಮೇಲೆ ಹಳೆಯ ಬಿಳಿ ಪಂಚೆ ಹಾಸಿ ಕೂರುತ್ತಿದ್ದೆವು. ಮಳೆ ಹಿಡಿಯಿತು, ಬಿಟ್ಟಿತು. ಒಂದು ಬದಿ ಮುಗಿದು ಎರಡನೆಯದು ನಡೆಯುತ್ತಿದ್ದಾಗ ಅಣ್ಣ ತಾನಾಗಿ ಮಾತು ತೆಗೆದ. ನಿಜವಾದ ಟ್ಯಾಂಕಿನಲ್ಲಿ ಈ ಪಿನ್ನಿಗೆ ಅಂಟೂ ಇಲ್ಲ, ನಟ್ಟೂ ಇಲ್ಲವಂತೆ. ಒಳಬದಿಗೆ ಒಂದು ತಲೆ ಇರುತ್ತದೆ, ಅಷ್ಟೇ. ಓಡುತ್ತ ಓಡುತ್ತ ಪಿನ್ನು ಒಳಕ್ಕೆ ಸರಿದು ಬರುತ್ತದೆ. ಟ್ಯಾಂಕಿನ ಮೈಗೆ ಬೆಸೆದ ಒಂದು ಕಬ್ಬಿಣದ ತುಂಡು ಪ್ರತಿ ಸುತ್ತಿನಲ್ಲೂ ಅದರ ತಲೆಗೆ ಹೊಡೆದು ಹಿಂದಕ್ಕೆ ಕಳಿಸುತ್ತದೆ.

"ಹೊರಗೆ ಬಂದದ್ದ ಹೊಡೆದು ಒಳಕ್ಕೆ ಕಳಿಸೋದು," ಎಂದು ಹೇಳಿ ಸುಮ್ಮನಾದ. ಎರಡು ಕೊಂಡಿ ಪೋಣಿಸುವಷ್ಟು ಹೊತ್ತಾದ ಮೇಲೆ ಉಳಿದದ್ದನ್ನು ಹೇಳಿದ.

೧೯೭೮ರಲ್ಲಿ ರಾಜಸ್ಥಾನದ ಮರಳಿನಲ್ಲಿ ತರಬೇತಿ. ರಾತ್ರಿ ಇವರ ಟ್ಯಾಂಕಿನ ಚೈನು ಕಳಚಿತು. ಚೈನನ್ನು ಬಿಡಿಸಿ ನೆಲಕ್ಕೆ ಹಾಸಿ, ಅದರ ಮೇಲೆ ಟ್ಯಾಂಕು ತಂದು, ಮೇಲಿನ ತುದಿಯನ್ನು ಹಲ್ಲುಚಕ್ರಕ್ಕೆ ಹತ್ತಿಸಬೇಕು. ಅಣ್ಣ ಒಳಗೆ, ಹ್ಯಾಂಡಲ್ ಹಿಡಿದು. ಹೊರಗೆ ಚೈನಿಗೆ ಕೈಕೊಟ್ಟು ನಿಂತವನು ಅದೇ ಟ್ಯಾಂಕಿನ ಮಲಯಾಳಿ ಸಂಗಾತಿ, ಕಣ್ಣೂರಿನ ಕಡೆಯವನು. ಇಬ್ಬರೂ ಒಂದೇ ತಟ್ಟೆಯಲ್ಲಿ ಉಂಡವರು. ಹಲ್ಲಿಗೂ ಕೊಂಡಿಗೂ ನಡುವೆ ಆ ಸಂಗಾತಿಯ ಕೈ ಸಿಕ್ಕಿಕೊಂಡಿತು. ಎರಡು ಬೆರಳು ಹೋದವು. ಅವನನ್ನು ಮನೆಗೆ ಕಳಿಸಿದರು.

"ಅಂವ 'ನಿರ್ತ್' ಅಂತ ಕೂಗಿದ. ಇಂಜಿನ್ ಸದ್ದಲ್ಲಿ ಕೇಳಲಿಲ್ಲ ಅಂತ ವಿಚಾರಣೇಲಿ ಬರೆಸಿದೆ," ಎಂದ ಅಣ್ಣ. ಕೈಯಲ್ಲಿದ್ದ ಕೊಂಡಿಯನ್ನು ಪಂಚೆಯ ಮೇಲಿಟ್ಟ. "ಕೇಳಿತ್ತು ಕನ್ಲಾ. ತಮಿಳಲ್ಲೂ ಅದೇ ಮಾತಲ್ವಾ, ಅರ್ಥವೂ ಆಗಿತ್ತು. ಎರಡು ರಾತ್ರಿ ನಿದ್ದೆ ಇರಲಿಲ್ಲ. ಇನ್ನೊಂದೇ ಹಲ್ಲು, ಹತ್ತಿಬಿಡಲಿ ಅಂತ ಬಿಟ್ಟೆ."

ಆ ಸಂಗಾತಿಯಿಂದ ಊರಿಗೆ ಎರಡು ಕಾಗದ ಬಂದದ್ದು ನನಗೆ ನೆನಪಿದೆ. ಯಾರೋ ಬರೆದುಕೊಟ್ಟ ಇಂಗ್ಲಿಷು. ಓದಿ ಅವ್ವನಿಗೆ ಅರ್ಥ ಹೇಳಿದವನು ನಾನೇ. ಅವ್ವನ ಆರೋಗ್ಯ ಹೇಗಿದೆ, ಆಲೂಗೆಡ್ಡೆ ಹೇಗೆ ಬಂತು ಎಂದು ಕೇಳಿದ್ದ. ಬೆರಳಿನ ಸುದ್ದಿ ಒಂದು ಸಾಲೂ ಇರಲಿಲ್ಲ. ಅಣ್ಣ ರಜೆಗೆ ಬಂದಾಗ ಉತ್ತರ ಬರಿ ಎಂದೆ. ಹೊಲದ ಕಡೆ ಎದ್ದುಹೋದ. ಸೈನ್ಯ ಸೇರಿ ಇವನಿಗೆ ಕಲ್ಲುಮನಸ್ಸು ಬಂತು ಎಂದುಕೊಂಡೆ. ಹಾಗೆಯೇ ನಲವತ್ತು ವರ್ಷ ತಿಳಿದುಕೊಂಡಿದ್ದೆ.

ಎರಡನೆಯ ಬದಿಯೂ ಮುಗಿಯಿತು. ಹುಡುಗ ಫೋನಿನಲ್ಲಿ ಹೇಳಿಕೊಟ್ಟಂತೆ ಚೈನುಗಳನ್ನು ತೊಳೆದು, ಅವನು ಕಳಿಸಿದ ದ್ರಾವಣದಲ್ಲಿ ಅದ್ದಿದೆವು. ನೋಡನೋಡುತ್ತ ಬೆಳ್ಳಗಿದ್ದದ್ದು ಕಾಡಿಗೆಯಾಯಿತು. ನೆಲ ತಾಗುವ ಏಣುಗಳನ್ನು ಬಟ್ಟೆಯಿಂದ ಉಜ್ಜಿದರೆ, ಬಳಸಿದ ನೇಗಿಲ ಕುಳದ ಹಾಗೆ ಹೊಳಪು ಬಂತು. ಕೊನೆಯ ಪಿನ್ನನ್ನು ಅಣ್ಣ ಬಲಗೈಯಲ್ಲೇ ತೂರಿಸಿದ. ಟ್ಯಾಂಕನ್ನು ಮೇಜಿನ ಮೇಲಿಟ್ಟು ಬಗ್ಗಿ, ಕಣ್ಣನ್ನು ಗಾಲಿಯ ಮಟ್ಟಕ್ಕೆ ತಂದು ನೋಡಿದ. ಚೈನು ಒಂದನೆಯ ಗಾಲಿಯ ಹಿಂದೆ ಜೋತು, ಎರಡನೆಯದರ ಬೆನ್ನೇರಿ ಮಲಗಿತ್ತು.

"ಈಗ ಸರಿ," ಎಂದ. ಆಮೇಲೆ, "ಆ ಕಾಗದ ಇದ್ದಾವಾ?" ಎಂದು ಕೇಳಿದ.

ಅವ್ವನ ಟ್ರಂಕಿನಲ್ಲಿ ಒಂದು ಸಿಕ್ಕಿತು. ವಿಳಾಸ ಓದುವಂತಿತ್ತು. ಅಣ್ಣ ಮೂರು ದಿನ ಕೂತು ಒಂದು ಪುಟ ಬರೆದ, ಕನ್ನಡದಲ್ಲಿ. ಅಕ್ಷರಗಳು ಒಂದನೆಯ ತರಗತಿಯವನವು. ಕೇಳಿಸಿತ್ತು ಎಂಬ ಮಾತು ಮೊದಲ ಸಾಲಿನಲ್ಲೇ ಇತ್ತು. ಅದನ್ನು ಮಲಯಾಳಕ್ಕೆ ತಿರುಗಿಸಿಕೊಟ್ಟವರು ಇದೇ ವಾರ್ಷಿಕದ ಬಳಗದ ಗೆಳೆಯರೊಬ್ಬರು. ಅವರಿಗೆ ತಿಳಿಸಬೇಕೆಂದೇ ಈ ಬರಹ. ಎರಡು ಕಾಗದವನ್ನೂ ಒಂದೇ ಲಕೋಟೆಯಲ್ಲಿಟ್ಟು ತಾಳವಾಡಿ ಅಂಚೆಕಚೇರಿಯಲ್ಲಿ ರಿಜಿಸ್ಟರ್ ಮಾಡಿದೆವು.

ಇದನ್ನು ಬರೆಯುವ ಹೊತ್ತಿಗೆ ಉತ್ತರ ಬಂದಿಲ್ಲ. ಲಕೋಟೆ ವಾಪಸ್ಸೂ ಬಂದಿಲ್ಲ. ಬರೆಯಲು ಅಣ್ಣನ ಒಪ್ಪಿಗೆ ಕೇಳಿದಾಗ, "ಅವನ ಹೆಸರು ಬೇಡ, ನನ್ನ ಹೆಸರೂ ಬೇಡ, ನಡೆದದ್ದು ಇರಲಿ," ಎಂದ. ಈಗ ಅಂಚೆಯವನು ಬರುವ ಹೊತ್ತಿಗೆ ದಿನವೂ ಜಗಲಿಯಲ್ಲಿ ಕೂತಿರುತ್ತಾನೆ. ಮುಂದೆ ತಟ್ಟೆಯಲ್ಲಿ ಅವರೆಕಾಳು ಇರುತ್ತದೆ. ಹೆಕ್ಕುತ್ತಾನೆ.