ಹೊಸ್ತಿಲಿನ ಒಳಗೂ ನ್ಯಾಯ

“ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ” ಎಂಬ ಗಾದೆಯುಂಟು. ಹಿರಿಯರು ಈ ಮಾತನ್ನು ಆಡಿದ್ದು ಸಂಸಾರದ ಸಣ್ಣ ಮುನಿಸನ್ನು ಕುರಿತು. ಆದರೆ ಬಾಗಿಲು ಹಾಕಿಕೊಂಡು ಹೆಣ್ಣಿನ ಮೇಲೆ ಕೈಮಾಡುವವನೂ ಇದೇ ಗಾದೆಯ ಮರೆಯಲ್ಲಿ ನಿಲ್ಲುತ್ತಾನೆ. ಕೇಳಿಯೂ ಕೇಳದಂತಿರುವ ನೆರೆಯವರೂ ಇದನ್ನೇ ನೆಪವಾಗಿಸಿಕೊಳ್ಳುತ್ತಾರೆ.

ಬೆಂಗಳೂರಿನ ದಕ್ಷಿಣಕ್ಕೆ, ಉತ್ತರಹಳ್ಳಿಯ ಮಗ್ಗುಲಲ್ಲಿ ಸುಬ್ರಹ್ಮಣ್ಯಪುರವಿದೆ. ಒಂದು ಕಾಲಕ್ಕೆ ಕೆರೆಯ ಬದಿಯ ಹಳ್ಳಿಯಾಗಿದ್ದ ಅದು ಇಂದು ನಗರದೊಳಗೆ ಬೆರೆತುಹೋಗಿದೆ. ಮನೆಗೆ ಮನೆ ತಾಗಿಕೊಂಡಿರುವ ಅಲ್ಲಿಯ ಓಣಿಗಳಲ್ಲಿ ಒಂದು ಮನೆಯ ಒಗ್ಗರಣೆಯ ಘಮ ಪಕ್ಕದ ಮನೆಯನ್ನು ಮುಟ್ಟುತ್ತದೆ. ಒಂದು ಮನೆಯ ಅಳುವೂ ಮುಟ್ಟುತ್ತದೆ. ಘಮವನ್ನು ಕುರಿತು ಮಾತನಾಡುವ ಜನ ಅಳುವನ್ನು ಕುರಿತು ಮಾತನಾಡುವುದಿಲ್ಲ.

ಪೆಟ್ಟು ತಿಂದವಳು ಎಲ್ಲಿಗೆ ಹೋಗಬೇಕು? “ಕೊಟ್ಟ ಹೆಣ್ಣು ಕುಲಕ್ಕೆ ಹೊರಗು” ಎಂದು ತವರು ಹಿಂಜರಿಯುತ್ತದೆ. ಗಂಡನ ಮನೆಯಲ್ಲಿ ಅನೇಕ ವೇಳೆ ಅವಳ ಹೆಸರಿಗೆ ಒಂದು ಗೋಡೆಯೂ ಇರುವುದಿಲ್ಲ. ಹೀಗೆ ನೆಲೆ ತಪ್ಪಿದವರಿಗಾಗಿಯೇ, ಕೆಲಸದ ಆಸೆ ತೋರಿಸಿ ಕರೆದೊಯ್ದು ಮಾರುವವರು ಹೊಂಚು ಹಾಕುತ್ತಾರೆ. ಮನುಷ್ಯರ ಮಾರಾಟವನ್ನು ಸಂವಿಧಾನದ 23ನೆಯ ವಿಧಿ ನಿಷೇಧಿಸಿದೆ. ಆದರೆ ಹೆಣ್ಣು ಆ ಬಲೆಗೆ ಬೀಳದಿರಬೇಕಾದರೆ ಮೊದಲು ತಲೆಯ ಮೇಲಿನ ಸೂರು ಉಳಿಯಬೇಕು.

1983ರಲ್ಲಿ ಭಾರತೀಯ ದಂಡ ಸಂಹಿತೆಗೆ ಸೇರಿದ ಒಂದು ಕಲಮು, ಹೆಂಡತಿಯನ್ನು ಹಿಂಸಿಸುವ ಗಂಡನಿಗೂ ಅವನ ಬಂಧುಗಳಿಗೂ ಶಿಕ್ಷೆಯನ್ನು ಗೊತ್ತುಮಾಡಿತು. ಅವರಿಗೆ ಶಿಕ್ಷೆಯಾದ ಮಾತ್ರಕ್ಕೆ ಅವಳಿಗೆ ಸೂರು ದೊರೆಯಲಿಲ್ಲ. ಆ ಕೊರತೆಯನ್ನು ತುಂಬಲು ಬಂದದ್ದು ಕೌಟುಂಬಿಕ ಹಿಂಸೆಯಿಂದ ಮಹಿಳೆಯರನ್ನು ರಕ್ಷಿಸುವ 2005ರ ಅಧಿನಿಯಮ. ಅದು 2006ರ ಅಕ್ಟೋಬರ್ 26ರಂದು ಜಾರಿಗೆ ಬಂದಿತು. ಹೊಡೆತದಂತೆಯೇ ಬೆದರಿಕೆ, ಹೀನಾಯದ ನುಡಿ, ದುಡಿದ ಹಣವನ್ನು ಕಸಿದುಕೊಳ್ಳುವುದು ಇವೂ ಹಿಂಸೆಯೇ ಎಂದು ಅದು ಸಾರಿತು. ಮನೆ ಯಾರ ಹೆಸರಿನಲ್ಲಿದ್ದರೂ, ಬಾಳಿದ ಮನೆಯಲ್ಲಿ ವಾಸಿಸುವ ಹಕ್ಕು ಆಕೆಗೆ ಉಂಟೆಂದಿತು. ಅತ್ತೆಮಾವಂದಿರ ಹೆಸರಿನ ಮನೆಗೂ ಈ ಹಕ್ಕು ಅನ್ವಯಿಸಬಲ್ಲದೆಂದು ಸರ್ವೋಚ್ಚ ನ್ಯಾಯಾಲಯ 2020ರಲ್ಲಿ ತೀರ್ಪಿತ್ತಿತು.

ಕರ್ನಾಟಕದಲ್ಲಿ ಅಂಗನವಾಡಿಗಳನ್ನು ನೋಡಿಕೊಳ್ಳುವ ಶಿಶು ಅಭಿವೃದ್ಧಿ ಯೋಜನಾಧಿಕಾರಿಗಳು ಈ ಕಾನೂನಿನ ಸಂರಕ್ಷಣಾಧಿಕಾರಿಗಳೂ ಆಗಿದ್ದಾರೆ. ನೊಂದವಳ ಅರ್ಜಿಯನ್ನು ಮ್ಯಾಜಿಸ್ಟ್ರೇಟರಿಗೆ ಮುಟ್ಟಿಸಲು ಅವರು ನೆರವಾಗುತ್ತಾರೆ. ಸಾಮಾನ್ಯವಾಗಿ ಮೂರು ದಿನಗಳೊಳಗೆ ಮೊದಲ ವಿಚಾರಣೆ ನಡೆಯಬೇಕೆಂಬುದು ನಿಯಮ. ವಕೀಲರ ನೆರವನ್ನು ಆಕೆ ಉಚಿತವಾಗಿ ಪಡೆಯಬಹುದು. 181 ಮಹಿಳೆಯರ ಸಹಾಯವಾಣಿ, 1098 ಮಕ್ಕಳದು. ನೆರೆಯವರೂ ಸುದ್ದಿ ಮುಟ್ಟಿಸಬಹುದು. ಸದ್ಭಾವನೆಯಿಂದ ತಿಳಿಸಿದವರನ್ನು ಯಾರೂ ನ್ಯಾಯಾಲಯಕ್ಕೆ ಎಳೆಯುವಂತಿಲ್ಲ.

ಕಾನೂನು ಹೊಸ್ತಿಲವರೆಗೆ ಬಂದು ನಿಂತಿದೆ. ಅದನ್ನು ಒಳಗೆ ಕರೆಯುವ ಶಕ್ತಿ ಎಷ್ಟೋ ಸಲ ಪೆಟ್ಟು ತಿಂದವಳಿಗೆ ಇರುವುದಿಲ್ಲ. ಆಗ ಕರೆಯಬೇಕಾದವರು ಗೋಡೆಯ ಈಚೆ ಕುಳಿತು ಆ ಅಳುವನ್ನು ಕೇಳಿದವರು.