ಕಣ್ಣಿಗೆ ಕಾಣದ ಗುಳ್ಳೆಗಳು

ಒಂದು ಸಂಜೆ ಪಾಠ ಮುಗಿದ ಬಳಿಕ ವಿದ್ಯಾರ್ಥಿಯೊಬ್ಬನು ಮೊಬೈಲಿನಲ್ಲಿ ಒಂದು ಚಿತ್ರವನ್ನು ತಂದು ನಮಗೆ ತೋರಿಸಿದನು. ನೀಲಿ ಮಂಜಿನ ನಡುವೆ ಗುಳ್ಳೆಗಳಂತಹ ಆಕೃತಿಗಳಿದ್ದವು. "ಉಸ್ತಾದ್, ಇದು ಕುರ್‌ಆನಿನಲ್ಲಿ ಮೊದಲೇ ಇದೆಯಂತೆ, ಹೌದೇ?" ಎಂದು ಕೇಳಿದನು. ನಾವು ಹಿಂದುಮುಂದು ನೋಡದೆ "ಹೌದು" ಎಂದುಬಿಟ್ಟೆವು. ಆ ರಾತ್ರಿ ನಮಗೆ ನಿದ್ರೆ ಬರಲಿಲ್ಲ. ತಿಳಿಯದುದನ್ನು ತಿಳಿದವರಂತೆ ಹೇಳಿದ್ದೆವು. ಅದೂ ಅಲ್ಲಾಹನ ಗ್ರಂಥದ ಹೆಸರಿನಲ್ಲಿ.

ಅನಂತರ ಓದಿ ತಿಳಿದುಕೊಂಡೆವು. ಅದು ಎಂ87 ಎಂಬ ಗೆಲಾಕ್ಸಿಯ ಚಿತ್ರ. ಕನ್ಯಾ ರಾಶಿಯ ದಿಕ್ಕಿನಲ್ಲಿ, ಸುಮಾರು 5.5 ಕೋಟಿ ಜ್ಯೋತಿರ್ವರ್ಷಗಳ ದೂರದಲ್ಲಿದೆ. ಖಗೋಳ ವಿಜ್ಞಾನಿಗಳ ಲೆಕ್ಕದಲ್ಲಿ ಇದು ನೆರೆಹೊರೆಯೇ! ಅದನ್ನು ಆವರಿಸಿರುವ ಅನಿಲವು ಕೋಟಿ ಡಿಗ್ರಿಗೂ ಮೀರಿ ಕಾದಿರುವುದರಿಂದ ಕ್ಷ-ಕಿರಣಗಳನ್ನು ಸೂಸುತ್ತದೆ. ಆ ಕಿರಣಗಳನ್ನು ನಮ್ಮ ವಾಯುಮಂಡಲವು ತಡೆಯುತ್ತದೆ. ಆದುದರಿಂದಲೇ 1999ರ ಜುಲೈ 23ರಂದು ನಾಸಾ ಸಂಸ್ಥೆಯು 'ಚಂದ್ರ' ವೀಕ್ಷಣಾಲಯವನ್ನು ಬಾಹ್ಯಾಕಾಶಕ್ಕೆ ಕಳುಹಿಸಿತು. ಲಾಹೋರಿನಲ್ಲಿ ಜನಿಸಿದ ವಿಜ್ಞಾನಿ ಸುಬ್ರಹ್ಮಣ್ಯನ್ ಚಂದ್ರಶೇಖರ್ ಅವರ ಹೆಸರನ್ನು ಅದಕ್ಕೆ ಇಡಲಾಗಿದೆ. ಚಿತ್ರದ ನೀಲಿಯು ಕಣ್ಣಿಗೆ ಕಾಣುವ ಬಣ್ಣವಲ್ಲ. ಕಾಣದ ಕಿರಣವನ್ನು ತೋರಿಸಲು ವಿಜ್ಞಾನಿಗಳು ತುಂಬಿದ್ದು.

ಎಂ87ರ ನಡುವೆ ಸುಮಾರು 650 ಕೋಟಿ ಸೂರ್ಯರ ದ್ರವ್ಯರಾಶಿಯ ಕಪ್ಪು ಕುಳಿಯಿದೆ. ಅದರತ್ತ ಸೆಳೆಯಲ್ಪಟ್ಟ ದ್ರವ್ಯದ ಒಂದಂಶವು ಒಳಗೆ ಬೀಳದೆ, ಮಹಾವೇಗದ ಚಿಲುಮೆಯಾಗಿ ಹೊರಚಿಮ್ಮುತ್ತದೆ. ಆ ಚಿಲುಮೆಯು ಬಿಸಿ ಅನಿಲವನ್ನು ಬದಿಗೆ ತಳ್ಳಿ ಗುಳ್ಳೆಗಳನ್ನು ಉಬ್ಬಿಸುತ್ತದೆ. ಅನಿಲವು ಸರಿದ ಜಾಗವಾದುದರಿಂದ ಕ್ಷ-ಕಿರಣದ ಚಿತ್ರದಲ್ಲಿ ಗುಳ್ಳೆಯು ಮಸುಕಾದ ಪೊಳ್ಳಿನಂತೆ ಕಾಣುತ್ತದೆ. ನೀರಿನೊಳಗಿನ ಗಾಳಿಗುಳ್ಳೆಯಂತೆ ಅದು ಮೇಲೇರುತ್ತಾ ನಡುವಿನ ತಂಪಾದ ಅನಿಲವನ್ನೂ ಎತ್ತಿಕೊಂಡು ಹೋಗುತ್ತದೆ. ಹಾಗಾಗದಿದ್ದರೆ ಆ ಅನಿಲವು ತಣಿದು ಕುಸಿದು ಅಸಂಖ್ಯ ಹೊಸ ನಕ್ಷತ್ರಗಳಾಗುತ್ತಿತ್ತು. ನುಂಗುವುದೆಂದೇ ನಾವು ಬಗೆದಿದ್ದ ಕಪ್ಪು ಕುಳಿಯು ಇಡೀ ಗೆಲಾಕ್ಸಿಯ ಬೆಳವಣಿಗೆಯನ್ನೇ ಹಿಡಿತದಲ್ಲಿಟ್ಟಿದೆ.

ಮುಂದಿನ ವಾರ ತರಗತಿಯಲ್ಲಿ ಎಲ್ಲರ ಎದುರಿಗೇ ಹೇಳಿದೆವು: "ಅಂದು ನಾವು ಹೇಳಿದ್ದು ತಪ್ಪು." ಆ ಹುಡುಗನ ಮುಖ ಬಾಡಿತು. "ಹಾಗಾದರೆ ಕುರ್‌ಆನಿನಲ್ಲಿ ಇಲ್ಲವೇ, ಉಸ್ತಾದ್?" ಎಂದನು. ಎಂ87ರ ಗುಳ್ಳೆಗಳ ವಿವರ ಅದರಲ್ಲಿಲ್ಲ. ಆಕಾಶಗಳ ಸೃಷ್ಟಿಯ ಕುರಿತು ಚಿಂತಿಸುವವರ ಪ್ರಶಂಸೆ ಇದೆ ಎಂದೆವು. ಬಳಿಕ ಚಿತ್ರವನ್ನು ಎಲ್ಲರಿಗೂ ತೋರಿಸಿ, ಒಂದೊಂದು ಗುಳ್ಳೆಯ ಕತೆಯನ್ನೂ ವಿವರಿಸಿದೆವು. ಅಂದು ಮಕ್ಕಳು ಗಂಟೆಯಾದರೂ ಏಳಲಿಲ್ಲ.

ಪ್ರಿಯ ಓದುಗರೇ, ಪ್ರತಿಯೊಂದು ಸಂಶೋಧನೆಯೂ ನಮ್ಮಲ್ಲಿ ಮೊದಲೇ ಇತ್ತೆಂದು ಸಾಧಿಸಲು ಹೊರಟರೆ, ನಾಳೆ ಆ ಸಂಶೋಧನೆಯು ತಿದ್ದುಪಡಿಯಾದಾಗ ಮಕ್ಕಳಿಗೆ ಏನೆಂದು ಉತ್ತರಿಸೋಣ? ಅರಿಯದುದನ್ನು ಅರಿಯೆವು ಎನ್ನುವುದೂ ಉಸ್ತಾದನ ಹೊಣೆಯೇ. ಅಲ್ಲಾಹನೇ ಹೆಚ್ಚು ಬಲ್ಲವನು.