ನಾಲ್ಕು ಚಕ್ರ ಐತೆ, ಬೀಳಲ್ಲ ಬಿಡಿ ಸಾರ್

ಹಳ್ಳಿಯಲ್ಲಿ ಬೆಳೆದವರಿಗೆ ಒಂದು ಜಂಬ ಇರುತ್ತೆ. ಯಾವ ಗಾಡಿ ಕೊಟ್ರೂ ಓಡಿಸ್ತೀನಿ ಅನ್ನೋದು. ನಮ್ಮದು ಅರಸೀಕೆರೆ ಕಡೆ ಹಳ್ಳಿ. ಏಳನೇ ಕ್ಲಾಸಿನಲ್ಲಿ ಚಿಕ್ಕಪ್ಪನ ಟಿವಿಎಸ್ ಕದ್ದು ಕಲಿತೆ. ಪಿಯುಸಿ ಹೊತ್ತಿಗೆ ಅಪ್ಪನ ಟ್ರ್ಯಾಕ್ಟರಿನಲ್ಲಿ ರಾಗಿ ಹೊಲ ಉಳ್ತಿದ್ದೆ. ಬಿಇ ಓದುವಾಗ ಸೆಕೆಂಡ್‌ಹ್ಯಾಂಡ್ ಸ್ಪ್ಲೆಂಡರಿನಲ್ಲಿ ಮಳೆಗಾಲದ ಕೆಸರು ದಾಟಿದ್ದೀನಿ. ಬೆಂಗಳೂರಿಗೆ ಬಂದು ಹನ್ನೆರಡು ವರ್ಷ ಕೀಬೋರ್ಡ್ ಕುಟ್ಟಿದರೂ ಆ ಜಂಬ ಮಾತ್ರ ಇಳಿದಿರಲಿಲ್ಲ. ಇಳಿದದ್ದು ಹೋದ ಡಿಸೆಂಬರಿನಲ್ಲಿ, ಸಕಲೇಶಪುರದ ಹತ್ತಿರ ಒಂದು ರೆಸಾರ್ಟಿನಲ್ಲಿ. 500 ರೂಪಾಯಿಗೆ ಎರಡು ರೌಂಡ್.

ಆಫೀಸಿನ ನಾಲ್ಕು ಸಂಸಾರ ಸೇರಿ ಹೋಗಿದ್ವಿ. ಕಾಫಿ ತೋಟದ ಅಂಚಿನಲ್ಲಿ ಮಣ್ಣಿನ ಟ್ರ್ಯಾಕು, ಅಲ್ಲಿ ಎರಡು ಎಟಿವಿ ನಿಂತಿದ್ವು. ಎಟಿವಿ ಅಂದ್ರೆ ಆಲ್ ಟೆರೇನ್ ವೆಹಿಕಲ್. ನೋಡೋಕೆ ಬೈಕು ಮತ್ತು ಟ್ರ್ಯಾಕ್ಟರಿಗೆ ಹುಟ್ಟಿದ ಮರಿ ಇದ್ದಂಗೆ. ಬೈಕಿನ ಹ್ಯಾಂಡಲ್, ಬೈಕಿನ ಸೀಟು, ಕೆಳಗೆ ನಾಲ್ಕು ದಪ್ಪ ಚಕ್ರ. ಅಲ್ಲಿದ್ದ ಹುಡುಗ, "ಬೈಕ್ ಬರುತ್ತಾ ಸಾರ್?" ಅಂದ. ಬರುತ್ತೆ ಅಂದೆ. "ಅಷ್ಟೇ ಸಾರ್, ನಾಲ್ಕು ಚಕ್ರ ಐತೆ, ಬೀಳಲ್ಲ ಬಿಡಿ" ಅಂತ ಹೆಲ್ಮೆಟ್ ಕೊಟ್ಟ. ನನ್ನ ಟ್ರೈನಿಂಗ್ ಅಲ್ಲಿಗೆ ಮುಗೀತು. ಕಾಲಲ್ಲಿ ಹವಾಯಿ ಚಪ್ಪಲಿ. ಅವನೂ ಕೇಳಲಿಲ್ಲ, ನಾನೂ ಯೋಚಿಸಲಿಲ್ಲ.

ಮೊದಲ ಎಡವಟ್ಟು ಐದೇ ಸೆಕೆಂಡಿಗೆ ಆಯ್ತು. ಬೈಕಿನ ಅಭ್ಯಾಸದಲ್ಲಿ ಬಲಗೈ ತಿರುಚಿದೆ, ಏನೂ ಆಗಲಿಲ್ಲ. ಇದರ ಆಕ್ಸಿಲರೇಟರ್ ಹೆಬ್ಬೆರಳಿನ ಕೆಳಗೆ ಒಂದು ಸಣ್ಣ ಲಿವರ್. ಒತ್ತಿದರೆ ಓಡುತ್ತೆ, ಬಿಟ್ಟರೆ ನಿಲ್ಲುತ್ತೆ. ಕೇಳೋಕೆ ಸುಲಭ. ಆದರೆ ಗಾಡಿ ಎಗರಿದಾಗ ನಾವು ಏನು ಮಾಡ್ತೀವಿ? ಹ್ಯಾಂಡಲ್ ಬಿಗಿಯಾಗಿ ಹಿಡ್ಕೋತೀವಿ. ಹಿಡ್ಕೊಂಡಷ್ಟೂ ಹೆಬ್ಬೆರಳು ಒತ್ತುತ್ತೆ, ಗಾಡಿ ಇನ್ನೂ ಮುಂದಕ್ಕೆ ನುಗ್ಗುತ್ತೆ. ಹೆದರಿದವನಿಗೆ ನಿಲ್ಲಿಸೋ ಬದಲು ಜೋರು ಮಾಡೋ ಗಾಡಿ ಇದು.

ಎರಡನೇದು ತಿರುವಿನಲ್ಲಿ. ತಿರುವು ಬಂದ್ರೆ ಬೈಕು ವಾಲುತ್ತೆ, ಅದರ ಜೊತೆ ನಾವೂ ವಾಲ್ತೀವಿ. ಎಟಿವಿ ವಾಲಲ್ಲ. ನಾವೇ ಸೀಟಿನ ಮೇಲೆ ಜರುಗಿ ಮೈಭಾರವನ್ನ ತಿರುವಿನ ಒಳಮಗ್ಗುಲಿಗೆ ಹಾಕಬೇಕು. ಎಷ್ಟೋ ಎಟಿವಿಗಳಲ್ಲಿ ಹಿಂದಿನ ಎರಡೂ ಚಕ್ರ ಒಂದೇ ಆಕ್ಸಲ್‌ಗೆ ಬಿಗಿದು ಒಂದೇ ವೇಗದಲ್ಲಿ ತಿರುಗುತ್ತವೆ. ಅದಕ್ಕೇ ಹ್ಯಾಂಡಲ್ ತಿರುಗಿಸಿದರೂ ಗಾಡಿ ನೆಟ್ಟಗೆ ಹೋಗೋಕೆ ನೋಡುತ್ತೆ. ನಾನು ಕುರ್ಚಿ ಮೇಲೆ ಕೂತಂಗೆ ಸೆಟೆದು ಕೂತಿದ್ದೆ. ಒಳಗಡೆಯ ಚಕ್ರ ಎದ್ದಿತು. ಎದ್ದ ತಕ್ಷಣ ಬೈಕಿನಲ್ಲಿ ಮಾಡೋ ಹಾಗೆ ಕಾಲು ಕೆಳಗಿಟ್ಟೆ.

ಇದು ಮೂರನೇದು. ಹೊಸಬರು ಮಾಡೋ ತಪ್ಪುಗಳಲ್ಲಿ ತುಂಬಾ ಕೆಟ್ಟದ್ದು ಇದೇ ಅಂತ ಈಗ ಹೇಳ್ತೀನಿ. ಇನ್ನೂರು ಕೆಜಿ ಗಾಡಿಯನ್ನ ಒಂದು ಕಾಲಲ್ಲಿ ತಡೆಯೋಕಾಗಲ್ಲ. ಜೊತೆಗೆ ಕಾಲು ಇಟ್ಟ ಜಾಗಕ್ಕೆ ಹಿಂದಿನ ಚಕ್ರ ಬಂದೇ ಬರುತ್ತೆ. ನನಗೂ ಬಂತು. ಚಪ್ಪಲಿ ಕಿತ್ಕೊಂಡು ಹೋಯ್ತು, ಪಾದ ತಿರುಚಿತು. ಗಾಡಿ ಮಾತ್ರ ಬೀಳಲಿಲ್ಲ. ಟ್ರ್ಯಾಕಿನ ಆಚೆ ಗೆಳೆಯರು ಮೊಬೈಲ್ ಹಿಡ್ಕೊಂಡು ನಿಂತಿದ್ದರಿಂದ ಕುಂಟದೆ ನಗ್ತಾ ರೌಂಡ್ ಮುಗಿಸಿದೆ.

ಅಲ್ಲಿಗೆ ಇಳಿದಿದ್ರೆ ಇದು ಬರೀ ತಮಾಷೆ ಕಥೆ ಆಗ್ತಿತ್ತು.

"ಅಪ್ಪಾ, ನಾನೂ" ಅಂತ ಮಗಳು ಓಡಿ ಬಂದಳು. ಆರು ವರ್ಷ. ಹೆಂಡತಿ, "ರೀ, ಬೇಡ ಕಣ್ರೀ, ಚಿಕ್ಕೋಳು" ಅಂದಳು. ನಾನು ಹುಡುಗನ ಮುಖ ನೋಡಿದೆ. "ಮುಂದೆ ಕೂರಿಸ್ಕೊಳ್ಳಿ ಸಾರ್, ಎಲ್ರೂ ಕೂರಿಸ್ಕೋತಾರೆ" ಅಂದ. ಎಲ್ಲರೂ ಮಾಡ್ತಾರೆ ಅನ್ನೋದಕ್ಕಿಂತ ದೊಡ್ಡ ಸರ್ಟಿಫಿಕೇಟ್ ನಮಗೆ ಬೇಕಾ? ದೊಡ್ಡವರ ಹೆಲ್ಮೆಟ್ ಅವಳ ತಲೆಗೆ ಹಾಕಿ, ನನ್ನ ಮುಂದೆ ಕೂರಿಸ್ಕೊಂಡು ಹೊರಟೆ.

ನಿಧಾನಕ್ಕೇ ಹೋಗ್ತಿದ್ದೆ. ಅವಳು ಕಿಲಕಿಲ ನಗ್ತಿದ್ದಳು. ಏರು ಶುರುವಾಗೋ ಕಡೆ ಮುಂದಿನ ಚಕ್ರ ಒಂದು ಬೇರಿನ ಮೇಲೆ ಹತ್ತಿ ಇಳೀತು. ಹೆಲ್ಮೆಟ್ ಜಾರಿ ಅವಳ ಕಣ್ಣು ಮುಚ್ಚಿತು. ಕತ್ತಲಾದ ಮಗು ಏನು ಮಾಡುತ್ತೆ? ಕೈಗೆ ಸಿಕ್ಕಿದ್ದನ್ನ ಗಟ್ಟಿಯಾಗಿ ಹಿಡ್ಕೊಳ್ಳುತ್ತೆ. ಅವಳಿಗೆ ಸಿಕ್ಕಿದ್ದು ನನ್ನ ಬಲಗೈ ಹೆಬ್ಬೆರಳು, ಅದರ ಕೆಳಗಿದ್ದ ಲಿವರ್.

ಗಾಡಿ ಪಕ್ಕದ ದಿಬ್ಬ ಹತ್ತಿತು. ಮುಂದಕ್ಕೆ ಬಾಗೋಣ ಅಂದ್ರೆ ಮಗಳು ಇದ್ದಾಳೆ. ಪಕ್ಕಕ್ಕೆ ಜರುಗೋಣ ಅಂದ್ರೂ ಮಗಳು ಇದ್ದಾಳೆ. ಎಡಗೈಯಲ್ಲಿ ಅವಳ ಹೊಟ್ಟೆ ಸುತ್ತ ಹಿಡಿದು ಮೇಲಿನ ಮಗ್ಗುಲಿಗೆ ಹಾರಿದೆ. ಗಾಡಿ ಕೆಳಗಿನ ಮಗ್ಗುಲಿಗೆ ಉರುಳಿ, ಒಂದು ಕಾಫಿ ಗಿಡದ ಮೇಲೆ ಒರಗಿ ನಿಂತಿತು. ಚಕ್ರ ತಿರುಗ್ತಾನೇ ಇತ್ತು. ಅವಳ ಮೊಣಕೈ ತರಚಿತ್ತು, ಅಷ್ಟೇ. ಹೆಲ್ಮೆಟ್ ತೆಗೆದಾಗ ಅಳ್ತಿರಲಿಲ್ಲ, ನನ್ನನ್ನೇ ನೋಡ್ತಿದ್ದಳು. ಆ ನೋಟ ಇವತ್ತಿಗೂ ಮರೆತಿಲ್ಲ. ಹೆಂಡತಿ ಓಡಿ ಬಂದು ಅವಳನ್ನ ಎತ್ಕೊಂಡಳು. ನನಗೆ ಒಂದು ಮಾತೂ ಅನ್ನಲಿಲ್ಲ. ಬೈದಿದ್ರೇ ವಾಸಿ ಇತ್ತು.

ಹುಡುಗ ಗಾಡಿ ಎತ್ತಿ ನಿಲ್ಲಿಸಿ, ಕೆಸರಾಗಿದ್ದ ಮಡ್‌ಗಾರ್ಡನ್ನ ಬಟ್ಟೆಯಲ್ಲಿ ಒರೆಸಿದ. ಕೆಸರಿನ ಕೆಳಗೆ ಒಂದು ಸ್ಟಿಕ್ಕರ್ ಇತ್ತು. ಗಾಡಿ ಮೇಲೆ ಇಬ್ಬರು ಕೂತ ಚಿತ್ರ, ಅದರ ಮೇಲೆ ಅಡ್ಡಗೆರೆ. ಪಕ್ಕದಲ್ಲಿ, 16 ವರ್ಷದೊಳಗಿನವರಿಗೆ ಅಲ್ಲ ಅಂತ ಇನ್ನೊಂದು. ಬರೆದವರು ಬರೆದಿದ್ರು. ದಿನಾ ಆಫೀಸಿನಲ್ಲಿ, "ಡಾಕ್ಯುಮೆಂಟ್ ಓದದೆ ಯಾಕ್ರಪ್ಪಾ ರನ್ ಮಾಡ್ತೀರಾ" ಅಂತ ಜೂನಿಯರ್‌ಗಳಿಗೆ ಬೈಯೋನು ನಾನೇ.

ರಾತ್ರಿ ಊದಿದ ಕಾಲಿಗೆ ಐಸ್ ಇಟ್ಕೊಂಡು ಓದೋಕೆ ಕೂತೆ. ಮೊದಲು ಬಂದ ಗಾಡಿಗಳಿಗೆ ಮೂರೇ ಚಕ್ರ ಇದ್ವಂತೆ. ಹೋಂಡಾದವರು 1970ರಲ್ಲಿ ಅಮೆರಿಕದಲ್ಲಿ ಮಾರೋಕೆ ಶುರು ಮಾಡಿದ್ರು. ನಾಲ್ಕು ಚಕ್ರದ್ದು ಬಂದಿದ್ದು ಎಂಬತ್ತರ ದಶಕದಲ್ಲಿ, ಸುಜುಕಿಯಿಂದ. ಬಿದ್ದು ಸತ್ತವರಲ್ಲಿ, ಗಾಯ ಆದವರಲ್ಲಿ ಮಕ್ಕಳು ತುಂಬಾ ಇದ್ರು. ಕೊನೆಗೆ 1988ರಲ್ಲಿ ಅಲ್ಲಿನ ಸರ್ಕಾರದ ಜೊತೆ ಆದ ಒಪ್ಪಂದದಲ್ಲಿ ಕಂಪನಿಗಳು ಹೊಸ ಮೂರು ಚಕ್ರದ ಗಾಡಿ ಮಾರೋದನ್ನೇ ನಿಲ್ಲಿಸಿದವು. ಆ ಸ್ಟಿಕ್ಕರಿನ ಹಿಂದೆ ಇಷ್ಟು ಕಥೆ ಇದೆ. ಅವತ್ತು ಗೊತ್ತಾದ ಇನ್ನೊಂದು ವಿಷಯ: ಸೀಟು ಅಷ್ಟು ಉದ್ದ ಇರೋದು ಇಬ್ಬರು ಕೂರೋಕಲ್ಲ. ಏರಿನಲ್ಲಿ ಮುಂದಕ್ಕೆ, ಇಳಿಜಾರಿನಲ್ಲಿ ಹಿಂದಕ್ಕೆ, ತಿರುವಿನಲ್ಲಿ ಪಕ್ಕಕ್ಕೆ ಒಬ್ಬನೇ ಜರುಗೋಕೆ. ನಾನು ಆ ಜಾಗದಲ್ಲಿ ನನ್ನ ಮಗಳನ್ನ ಕೂರಿಸಿದ್ದೆ.

ಅಪ್ಪನ ನೆನಪಾಯ್ತು. ನಾನು ಚಿಕ್ಕವನಿದ್ದಾಗ ಊರಿನ ಹುಡುಗರೆಲ್ಲ ಅವರವರ ಟ್ರ್ಯಾಕ್ಟರಿನ ಮಡ್‌ಗಾರ್ಡ್ ಮೇಲೆ ಕೂತು ಹೊಲಕ್ಕೆ ಹೋಗೋರು. ನಮ್ಮಪ್ಪ ಒಂದು ದಿನಕ್ಕೂ ಕೂರಿಸಲಿಲ್ಲ. ಜಾತ್ರೆಗೆ ಹೋಗುವಾಗ ಮಡ್‌ಗಾರ್ಡ್ ಮೇಲೇ ಕೂರಬೇಕು ಅಂತ ನಾನು ಬೀದಿಯಲ್ಲಿ ಬಿದ್ದು ಹೊರಳಾಡಿದ್ದೀನಿ. "ನೆಡ್ಕೊಂಡ್ ಬಾ, ಕಾಲು ಸವೆಯಲ್ಲ" ಅಂತ ಹೊರಟೇ ಹೋಗಿದ್ರು. ಎಷ್ಟು ಕಟುಕ ಇವರು ಅಂದ್ಕೊಂಡಿದ್ದೆ. ಓದಿದವರಲ್ಲ. ಯಾವ ಸ್ಟಿಕ್ಕರೂ ಅವರಿಗೆ ಬೇಕಾಗಿರಲಿಲ್ಲ.

ಮಾರನೇ ದಿನ ಫೋನಿನಲ್ಲಿ ಕಾಲು ಉಳುಕಿದ್ದು ಹೇಳಿದೆ, ಗಾಡಿ ಎಂಥದ್ದು ಅಂತಾನೂ ಹೇಳಿದೆ. ಅಪ್ಪ ಎಲ್ಲ ಕೇಳಿಸ್ಕೊಂಡು ಒಂದೇ ಪ್ರಶ್ನೆ ಕೇಳಿದ್ರು.

"ಮಗೀನ ಎಲ್ಲಿ ಕೂರಿಸ್ಕೊಂಡಿದ್ಯೋ?"

ಅವಳೂ ಗಾಡಿ ಮೇಲಿದ್ದಳು ಅಂತ ನಾನು ಹೇಳಿರಲೇ ಇಲ್ಲ.

"ಮುಂದೆ" ಅಂದೆ.

ಸ್ವಲ್ಪ ಹೊತ್ತು ಆ ಕಡೆಯಿಂದ ಮಾತಿಲ್ಲ. ಆಮೇಲೆ, "ಬಿಸಿನೀರಲ್ಲಿ ಉಪ್ಪು ಹಾಕಿ ಕಾಲು ಇಡು" ಅಂತ ಫೋನ್ ಅವ್ವನ ಕೈಗೆ ಕೊಟ್ಟರು.

ನೀವೂ ಎಲ್ಲಾದ್ರೂ ಹೋದಾಗ ಎಟಿವಿ ಓಡಿಸಿ, ಚೆನ್ನಾಗಿರುತ್ತೆ. ಶೂ ಹಾಕ್ಕೊಳ್ಳಿ, ತಲೆಗೆ ಸರಿಹೋಗೋ ಹೆಲ್ಮೆಟ್ಟೇ ಕೇಳಿ. ಮೊದಲು ಸಮತಟ್ಟು ಜಾಗದಲ್ಲಿ ನಾಲ್ಕು ಸುತ್ತು ಹಾಕಿ ಹೆಬ್ಬೆರಳಿಗೆ ಅಭ್ಯಾಸ ಮಾಡಿಸಿ. ಏನೇ ಆದ್ರೂ ಕಾಲು ಕೆಳಗಿಡಬೇಡಿ. ಬೈಕ್ ಬರುತ್ತೆ ಅನ್ನೋದನ್ನ ಅರ್ಧ ಗಂಟೆ ಮರೆತುಬಿಡಿ. ಮಗು ನಾನೂ ಬರ್ತೀನಿ ಅಂತ ಅತ್ತರೆ ಅಳಲಿ. ಇನ್ನು ಮೂವತ್ತು ವರ್ಷಕ್ಕೆ ಅದಕ್ಕೇ ಅರ್ಥ ಆಗುತ್ತೆ.